ಸೊಂಟನೋವು, ಎರಡು ಎಂಆರ್‌ಐ, ದಿನಕ್ಕೆ ಹನ್ನೊಂದು ಮಾತ್ರೆ: ಒಂದು ಪ್ರಕರಣ ಅಧ್ಯಯನ

ರೋಗಿಗೆ 44 ವರ್ಷ. ಬೆಂಗಳೂರಿನ ಗಾರ್ಮೆಂಟ್ಸ್ ಕಾರ್ಖಾನೆಯೊಂದರಲ್ಲಿ 16 ವರ್ಷದಿಂದ ಹೊಲಿಗೆ ಕೆಲಸ. ಸೊಂಟನೋವು ಶುರುವಾಗಿ ಐದು ವರ್ಷ. ಮೊದಲ ಸಲ ನೀರಿನ ಕೊಡ ಎತ್ತುವಾಗ ಚಳಕ್ಕೆಂದು ಹಿಡಿದುಕೊಂಡಿತ್ತು, ಹತ್ತು ದಿನದಲ್ಲಿ ಇಳಿಯಿತು. ಆರು ತಿಂಗಳ ನಂತರ ಮತ್ತೆ ಬಂತು, ಆಮೇಲೆ ಪೂರ್ತಿ ಹೋಗಲೇ ಇಲ್ಲ. ನಾಲ್ವರು ವೈದ್ಯರು, ಎರಡು ಎಂಆರ್‌ಐ, ಒಂದು ಸೊಂಟದ ಬೆಲ್ಟು, ಹತ್ತು ಸಲ ಟ್ರಾಕ್ಷನ್ (ಸೊಂಟವನ್ನು ಎಳೆದು ಹಿಡಿಯುವ ಚಿಕಿತ್ಸೆ), ಲೆಕ್ಕಕ್ಕೆ ಸಿಗದಷ್ಟು ಇಂಜೆಕ್ಷನ್ ಆಗಿವೆ. ಕಳೆದ ಮೂರು ತಿಂಗಳಲ್ಲಿ 13 ದಿನ ಕೆಲಸಕ್ಕೆ ಹೋಗಲಾಗಿಲ್ಲ.

ಈಕೆ ನಿರ್ದಿಷ್ಟ ಒಬ್ಬ ವ್ಯಕ್ತಿಯಲ್ಲ. ನೋವಿನ ಚಿಕಿತ್ಸೆಗೆ ಮತ್ತೆ ಮತ್ತೆ ಬರುವ ಒಂದು ಬಗೆಯ ರೋಗಿಯನ್ನು ಒಂದೇ ಪ್ರಕರಣವಾಗಿ ಹೆಣೆದಿದ್ದೇವೆ. ಆಕೆಯ ಅಂಕಿಗಳು ಮಾದರಿ ಅಂಕಿಗಳು. ಹೆಸರಿಸಿದ ಅಧ್ಯಯನಗಳು ಮತ್ತು ಮಾರ್ಗಸೂಚಿಗಳು ನಿಜವಾದವು.

ಕವರು ಸುರಿದಾಗ

ಇಂಥ ರೋಗಿಯ ಮೊದಲ ಭೇಟಿಯಲ್ಲಿ ಸ್ಕ್ಯಾನ್ ಫಿಲ್ಮಿಗಿಂತ ಮೊದಲು ನೋಡಬೇಕಾದ್ದು ಮಾತ್ರೆಯ ಕವರು. ಚೀಟಿಯಲ್ಲಿ ಬರೆದದ್ದಕ್ಕೂ ಹೊಟ್ಟೆಗೆ ಹೋಗುವುದಕ್ಕೂ ಬಹಳ ಸಲ ತಾಳೆಯಾಗುವುದಿಲ್ಲ. ಮೇಜಿನ ಮೇಲೆ ಸುರಿದು ಎಣಿಸಿದಾಗ ಸಿಕ್ಕಿದ್ದು: ಡೈಕ್ಲೊಫೆನಾಕ್ 50 ಮಿ.ಗ್ರಾಂ ಮತ್ತು ಪ್ಯಾರಸಿಟಮಾಲ್ ಸೇರಿದ ಮಾತ್ರೆ ಎರಡು ಹೊತ್ತು, ಟ್ರಮಡಾಲ್ 50 ಮಿ.ಗ್ರಾಂ ಎರಡು ಹೊತ್ತು, ನರದ ನೋವಿಗೆ ಕೊಡುವ ಪ್ರಿಗ್ಯಾಬಲಿನ್ 75 ಮಿ.ಗ್ರಾಂ ಎರಡು ಹೊತ್ತು, ಕ್ಯಾಲ್ಸಿಯಂ ಎರಡು, ಗ್ಯಾಸ್ಟ್ರಿಕ್‌ಗೆ ಪ್ಯಾಂಟೊಪ್ರಜೋಲ್ ಒಂದು, ಬಿಪಿಗೆ ಟೆಲ್ಮಿಸಾರ್ಟನ್ ಮತ್ತು ಹೈಡ್ರೊಕ್ಲೋರೊಥಯಾಜೈಡ್ ಸೇರಿದ್ದು ಒಂದು. ಇವಲ್ಲದೆ ನೋವು ಜಾಸ್ತಿಯಾದ ದಿನ ಮೆಡಿಕಲ್ ಶಾಪಿನಿಂದ ತರುವ ಅಸೆಕ್ಲೊಫೆನಾಕ್ ಮಾತ್ರೆ ಒಂದು. ಒಟ್ಟು ಹನ್ನೊಂದು. ಯಾರೂ ನಿಲ್ಲಿಸು ಎನ್ನದ ಕಾರಣ ಎರಡು ವರ್ಷದಿಂದ ವಾರಕ್ಕೊಂದು 60,000 ಯೂನಿಟ್‌ನ ವಿಟಮಿನ್ ಡಿ ಬೇರೆ.

ಬಿಪಿ 152/94. ಮೂತ್ರಪಿಂಡದ ಕೆಲಸ ತಿಳಿಸುವ ರಕ್ತಪರೀಕ್ಷೆ ಕ್ರಿಯೇಟಿನಿನ್ 1.3. ಲ್ಯಾಬ್ ರಿಪೋರ್ಟಿನಲ್ಲಿ 1.3 ಎಂಬ ಅಂಕಿ ಕಣ್ಣಿಗೆ ಹೊಡೆಯುವುದಿಲ್ಲ. ಆದರೆ 44ರ ಹೆಂಗಸಿಗೆ ಲೆಕ್ಕ ಹಾಕಿದರೆ ಮೂತ್ರಪಿಂಡದ ಸೋಸುವ ವೇಗ ನಿಮಿಷಕ್ಕೆ 52 ಮಿ.ಲೀ ಆಸುಪಾಸು, ಇರಬೇಕಾದ್ದು 90ರ ಮೇಲೆ. ಕಾರಣ ಮೇಜಿನ ಮೇಲೇ ಬಿದ್ದಿತ್ತು. ಡೈಕ್ಲೊಫೆನಾಕ್ ಜಾತಿಯ ಮಾತ್ರೆ ಮೂತ್ರಪಿಂಡದ ಜರಡಿಗೆ ರಕ್ತ ತರುವ ಸಣ್ಣ ನಾಳವನ್ನು ಬಿಗಿಮಾಡುತ್ತದೆ, ಟೆಲ್ಮಿಸಾರ್ಟನ್ ಜರಡಿಯಿಂದ ಹೊರಹೋಗುವ ನಾಳವನ್ನು ಸಡಿಲಿಸುತ್ತದೆ, ಥಯಾಜೈಡ್ ಮೈಯ ನೀರನ್ನೇ ಇಳಿಸುತ್ತದೆ. ಒಳಗೆ ಬರುವುದು ಕಡಿಮೆ, ಹೊರಗೆ ಹರಿಯುವುದು ಸಲೀಸು, ನಡುವೆ ಒತ್ತಡವೇ ನಿಲ್ಲದು. ನೋವಿನ ಮಾತ್ರೆಯನ್ನೂ ಬಿಪಿ ಮಾತ್ರೆಯನ್ನೂ ಬೇರೆ ಬೇರೆ ವೈದ್ಯರು ಬರೆದಿದ್ದರು, ಎರಡಕ್ಕೂ ಸಕಾರಣವಿತ್ತು. ಮೂರೂ ಒಟ್ಟಿಗಿರುವುದನ್ನು ನೋಡಿದವರು ಇರಲಿಲ್ಲ. ಬಿಪಿ ಹತೋಟಿಗೆ ಬಾರದಿರುವುದಕ್ಕೂ ನೋವಿನ ಮಾತ್ರೆಯ ಪಾಲಿತ್ತು. ಹಿಮೋಗ್ಲೋಬಿನ್ 10.4, ಅಂದರೆ ರಕ್ತಹೀನತೆ. ಮುಟ್ಟಿನಲ್ಲಿ ಹೆಚ್ಚು ರಕ್ತಸ್ರಾವವಿದ್ದರೂ, ಇಷ್ಟು ವರ್ಷ ಈ ಮಾತ್ರೆ ತಿಂದವರಲ್ಲಿ ಕರುಳಿನಿಂದ ರಕ್ತ ಸೋರುತ್ತಿದೆಯೇ ಎಂದು ಮಲ ಪರೀಕ್ಷೆ ಮಾಡಿಸಲೇಬೇಕು. ಅದು ಸರಿಯಿತ್ತು, ಕಬ್ಬಿಣದ ಮಾತ್ರೆ ಶುರುವಾಯಿತು. ವಿಟಮಿನ್ ಡಿ ಬೇಕಾದ್ದಕ್ಕಿಂತ ಹೆಚ್ಚು, 92 ಇತ್ತು. ಅದನ್ನೂ ಕ್ಯಾಲ್ಸಿಯಂ ಅನ್ನೂ ಅಂದೇ ನಿಲ್ಲಿಸಲಾಯಿತು.

ಪರೀಕ್ಷೆ

ಹಳೆಯ ಸೊಂಟನೋವು ಎಂದು ಹಣೆಪಟ್ಟಿ ಹಚ್ಚುವ ಮೊದಲು ಬೇರೆ ರೋಗಗಳನ್ನು ತಳ್ಳಿಹಾಕಬೇಕು. ಸಂಜೆ ಜ್ವರ, ತೂಕ ಇಳಿಕೆ, ರಾತ್ರಿ ಮಲಗಿದಾಗಲೂ ಬಿಡದ ನೋವು ಇದ್ದರೆ ನಮ್ಮ ದೇಶದಲ್ಲಿ ಬೆನ್ನೆಲುಬಿನ ಕ್ಷಯವನ್ನು ಮೊದಲು ನೆನೆಯಬೇಕು. ಹಿಂದೆ ಕ್ಯಾನ್ಸರ್, ದೀರ್ಘಕಾಲ ಸ್ಟೀರಾಯ್ಡ್, ಬಿದ್ದ ಪೆಟ್ಟು ಇವನ್ನು ಕೇಳಬೇಕು. ಮೂತ್ರ ಕಟ್ಟುವುದು, ಕೂರುವ ಜಾಗದಲ್ಲಿ ಜೋಮು, ಕಾಲಿನ ಬಲ ಕುಗ್ಗುವುದು ಕಂಡರೆ ಅದೇ ದಿನ ದೊಡ್ಡ ಆಸ್ಪತ್ರೆಗೆ. ನಲವತ್ತೈದರೊಳಗೆ ಶುರುವಾಗಿ, ಬೆಳಗ್ಗೆ ಅರ್ಧ ಗಂಟೆಗೂ ಮೀರಿ ಸೊಂಟ ಬಿಗಿದು, ಓಡಾಡಿದಷ್ಟೂ ಹಗುರಾಗುವ ನೋವಾದರೆ ಅದು ಬೆನ್ನುಮೂಳೆಯ ಉರಿಯೂತದ ಸಂಧಿವಾತ ಇರಬಹುದು. ಈಕೆಗೆ ಇವು ಯಾವುವೂ ಇರಲಿಲ್ಲ. ಬೆಳಗಿನ ಬಿಗಿತ ಹತ್ತು ನಿಮಿಷದ್ದು, ಉರಿಯೂತದ ಸುಳಿವು ಕೊಡುವ ರಕ್ತಪರೀಕ್ಷೆ ಇಎಸ್‌ಆರ್ 18, ಥೈರಾಯ್ಡ್ ಸರಿ.

ಮಲಗಿಸಿ ನೇರ ಕಾಲನ್ನು ಎತ್ತಿದಾಗ ಎರಡೂ ಕಡೆ 70 ಡಿಗ್ರಿವರೆಗೆ ಬಂತು, ನೋವು ಸೊಂಟದಲ್ಲೇ ನಿಂತಿತು, ಕಾಲಿಗೆ ಇಳಿಯಲಿಲ್ಲ. ಹೆಬ್ಬೆರಳನ್ನು ಮೇಲಕ್ಕೆ ಎಳೆಯುವ ಬಲ, ಹಿಮ್ಮಡಿಯ ಪ್ರತಿವರ್ತನೆ, ಸ್ಪರ್ಶ ಎಲ್ಲ ಸರಿ. ಅಂದರೆ ನರವೇನೂ ಸಿಕ್ಕಿಹಾಕಿಕೊಂಡಿಲ್ಲ. ಆದರೆ ಸೊಂಟದ ಎರಡೂ ಬದಿ ಹೆಬ್ಬೆರಳಿಂದ ಮೆತ್ತಗೆ ಒತ್ತಿದರೂ ಕೈ ತಳ್ಳುವಷ್ಟು ನೋವು. ಮುಂಗೈ ಮತ್ತು ಭುಜದ ಮೇಲೆ ಅಷ್ಟೇ ಒತ್ತಿದಾಗಲೂ ಮುಖ ಕಿವುಚಿದರು.

ಮುಖ್ಯ ವಿಷಯ ಕಂಡದ್ದು ಪರೀಕ್ಷೆಯ ಮಂಚದ ಮೇಲಲ್ಲ. ನಿಂತು ಮುಂದಕ್ಕೆ ಬಗ್ಗಿ ಎಂದಾಗ ಉಸಿರು ಬಿಗಿಹಿಡಿದು, ಕೈ ಮಂಡಿಗೆ ತಾಗುವಷ್ಟರಲ್ಲಿ ನಿಂತರು. ಐದು ನಿಮಿಷದ ನಂತರ ಹೊರಡಲೆಂದು ಸ್ಟೂಲಿನ ಮೇಲೆ ಕೂತು, ಮಾತಾಡುತ್ತಲೇ ಚಪ್ಪಲಿಯ ಪಟ್ಟಿ ಹಾಕಿಕೊಂಡರು. ಬೆರಳು ಪಾದಕ್ಕೆ ಮುಟ್ಟಿತ್ತು, ಬೆನ್ನು ಬಿಲ್ಲಿನಂತೆ ಬಾಗಿತ್ತು, ಉಸಿರು ಸರಾಗವಾಗಿತ್ತು. ನಟನೆ ಎಂದು ಇದನ್ನು ಓದುವವರಿದ್ದಾರೆ. ಅದು ಅನ್ಯಾಯದ ಓದು. ಬೆನ್ನಿಗೆ ಬಗ್ಗಲು ಬರುತ್ತದೆ, ‘ಬಗ್ಗು’ ಎಂಬ ಮಾತು ಕಿವಿಗೆ ಬಿದ್ದೊಡನೆ ಸ್ನಾಯುಗಳೆಲ್ಲ ಕಾವಲಿಗೆ ನಿಲ್ಲುತ್ತವೆ. ಭಯ ಎಲ್ಲಿಂದ ಬಂತೆಂದು ಕೇಳಿದಾಗ ಉತ್ತರ ತಕ್ಷಣ ಸಿಕ್ಕಿತು: “ಡಿಸ್ಕ್ ಜರುಗಿದೆಯಂತೆ ಮೇಡಂ, ಬಗ್ಗಿದ್ರೆ ನರ ಕಟ್ಟಾಗಿ ಕಾಲು ಬಿದ್ದೋಗತ್ತೆ ಅಂದ್ರು.”

ಮೊದಲ ದಿನದ ಅಳತೆಗಳು ಹೀಗಿದ್ದವು. ವಾರದ ಸರಾಸರಿ ನೋವು ಹತ್ತಕ್ಕೆ 7. ದೈನಂದಿನ ಕೆಲಸಕ್ಕೆ ಎಷ್ಟು ಅಡ್ಡಿ ಎಂದು ಅಳೆಯುವ ಆಸ್ವೆಸ್ಟ್ರಿ ಪ್ರಶ್ನಾವಳಿಯಲ್ಲಿ ನೂರಕ್ಕೆ 52. ನೋವಿನ ಬಗ್ಗೆ ಕೆಟ್ಟದ್ದನ್ನೇ ಊಹಿಸುವ ಪ್ರವೃತ್ತಿಯ ಅಳತೆಯಲ್ಲಿ 52ಕ್ಕೆ 36. 30 ಮೀರಿದರೆ ಅದು ಚಿಕಿತ್ಸೆಯ ವಿಷಯ. ಖಿನ್ನತೆ ಅಳೆಯುವ ಪಿಎಚ್‌ಕ್ಯು-9 ಪ್ರಶ್ನಾವಳಿಯಲ್ಲಿ 11, ಸಾಯುವ ಯೋಚನೆ ಇರಲಿಲ್ಲ. ರಾತ್ರಿ ನಿದ್ದೆ ನಾಲ್ಕೂವರೆ ಗಂಟೆ. ಒಂದೇ ಸಮನೆ ಕೂರಲು ಆಗುವುದು 20 ನಿಮಿಷ.

ರಿಪೋರ್ಟನ್ನು ಮತ್ತೆ ಓದಿದ್ದು

ಎಂಆರ್‌ಐ ವರದಿಯಲ್ಲಿ ಇದ್ದದ್ದು: ಸೊಂಟದ ಕೊನೆಯ ಎರಡು ಡಿಸ್ಕ್‌ಗಳಲ್ಲಿ (ಬೆನ್ನುಮೂಳೆಗಳ ನಡುವಿನ ಮೆತ್ತೆ) ನೀರಿನಂಶ ಕಡಿಮೆ, ಸ್ವಲ್ಪ ಉಬ್ಬು, ನರಕ್ಕೆ ಒತ್ತಡವಿಲ್ಲ. 2015ರಲ್ಲಿ ಪ್ರಕಟವಾದ ಒಂದು ಸಮಗ್ರ ವಿಶ್ಲೇಷಣೆ, ಬೆನ್ನುನೋವೇ ಇಲ್ಲದ 3,110 ಜನರ ಸ್ಕ್ಯಾನ್‌ಗಳನ್ನು ಒಟ್ಟುಗೂಡಿಸಿತ್ತು. ನಲವತ್ತರ ಪ್ರಾಯದವರಲ್ಲಿ ನೂರಕ್ಕೆ 68 ಮಂದಿಗೆ ಡಿಸ್ಕ್ ಸವೆತವಿತ್ತು, 50 ಮಂದಿಗೆ ಉಬ್ಬು ಇತ್ತು. ಇವರಲ್ಲಿ ಯಾರಿಗೂ ನೋವಿಲ್ಲ. ರೋಗಿಗೆ ಇದನ್ನು ಹೇಳಿದ ರೀತಿ: “ನಿಮ್ಮ ಲೈನಲ್ಲಿ ನಿಮ್ಮ ವಯಸ್ಸಿನ ಹತ್ತು ಜನರಿಗೆ ಈ ಫೋಟೋ ತೆಗೆಸಿದರೆ ಐದಾರು ಜನರ ರಿಪೋರ್ಟು ಹೀಗೇ ಬರುತ್ತೆ. ತಲೆಗೂದಲು ನರೆತ ಹಾಗೆ ಇದು.” ಆಮೇಲೆ ಆಕೆಯೇ ಚಪ್ಪಲಿ ಹಾಕಿಕೊಳ್ಳುವ ದೃಶ್ಯವನ್ನು, ಒಪ್ಪಿಗೆ ಪಡೆದು ಆಕೆಯದೇ ಮೊಬೈಲಿನಲ್ಲಿ ತೆಗೆದು ತೋರಿಸಲಾಯಿತು. ಅಂಕಿಗಿಂತ ಅದು ಹೆಚ್ಚು ಕೆಲಸ ಮಾಡಿತು.

ಇಲ್ಲಿ ಎಡವುವ ಜಾಗ ಒಂದಿದೆ. ಡಿಸ್ಕ್ ಕಾರಣವಲ್ಲ ಎಂದೊಡನೆ ರೋಗಿಗೆ ಕೇಳಿಸುವುದು ‘ನಿನ್ನ ನೋವು ಸುಳ್ಳು’ ಎಂದು. ಹಾಗಾಗಿ ನೋವು ನಿಜ ಎನ್ನುವ ಮಾತು ಮೊದಲು ಬರಬೇಕು. ನಾವು ಬಳಸುವ ವಿವರಣೆ ಒಲೆಯ ಮೇಲಿನ ಹಂಚಿನದು: ಬೆಂಕಿ ಆರಿಸಿದ ಮೇಲೂ ಹಂಚು ಮುಟ್ಟಿದರೆ ಕೈ ಸುಡುತ್ತದೆ, ಸುಡುವುದು ಸುಳ್ಳಲ್ಲ, ಆದರೆ ಮತ್ತಷ್ಟು ನೀರು ಹುಯ್ದು ಒಲೆ ಆರಿಸಿ ಪ್ರಯೋಜನವಿಲ್ಲ. ಗಾಯ ಮಾಗಿದ ಮೇಲೂ ಬೆನ್ನುಹುರಿ ಮತ್ತು ಮಿದುಳಿನ ನೋವಿನ ಮಾರ್ಗಗಳು ಕಾವು ಉಳಿಸಿಕೊಳ್ಳುತ್ತವೆ. ನರಮಂಡಲದ ಈ ಹೆಚ್ಚಿದ ಸಂವೇದನೆಯನ್ನು ನರವಿಜ್ಞಾನಿ ಕ್ಲಿಫರ್ಡ್ ವುಲ್ಫ್ 1983ರಲ್ಲೇ ಪ್ರಾಣಿಗಳಲ್ಲಿ ತೋರಿಸಿದ್ದರು. ಮುಂಗೈ ಒತ್ತಿದಾಗಲೂ ನೋಯುವುದು ಇದರ ಸುಳಿವು. ನಿದ್ದೆಗೇಡು, ಭಯ, ಖಿನ್ನತೆ ಹಂಚಿನ ಕೆಳಗಿನ ಕೆಂಡಗಳು.

ಮಾತ್ರೆ ಇಳಿಸಿದ ಕ್ರಮ

ಎಲ್ಲವನ್ನೂ ಒಟ್ಟಿಗೆ ಇಳಿಸಿದರೆ ಯಾವುದರಿಂದ ಏನಾಯಿತೆಂದು ತಿಳಿಯುವುದಿಲ್ಲ. ಮೊದಲು ಹೋಗಬೇಕಾದ್ದು ಡೈಕ್ಲೊಫೆನಾಕ್ ಮತ್ತು ಅಂಗಡಿಯ ಮಾತ್ರೆ; ಮೂತ್ರಪಿಂಡದ ಕಾರಣ ಅಂದೇ ಬಂದ್. ಇವನ್ನು ಹಂತಹಂತವಾಗಿ ಇಳಿಸಬೇಕಿಲ್ಲ. ಪ್ಯಾಂಟೊಪ್ರಜೋಲ್ ನಿಲ್ಲಿಸಿದಾಗ ಒಂದೆರಡು ವಾರ ಹುಳಿತೇಗು ತಿರುಗಿ ಬರುವುದುಂಟು, ಆದ್ದರಿಂದ ಅದನ್ನು ‘ಬೇಕಾದಾಗ ಮಾತ್ರ’ ಎಂದು ಬದಲಿಸಿ, ತಿಂಗಳೊಳಗೆ ಬಿಡಿಸಲಾಯಿತು.

ಟ್ರಮಡಾಲ್ ಬೇರೆ ಜಾತಿ. ಅದು ಒಪಿಯಾಯ್ಡ್, ಅಂದರೆ ಅಫೀಮಿನ ಗುಂಪಿನ ನೋವುನಿವಾರಕ, 2018ರಿಂದ ಭಾರತದಲ್ಲಿ ಮಾದಕವಸ್ತು ಕಾಯ್ದೆಯ ವ್ಯಾಪ್ತಿಗೆ ಬಂದಿದೆ. ಹಠಾತ್ತನೆ ಬಿಟ್ಟರೆ ಬೆವರು, ಭೇದಿ, ಚಡಪಡಿಕೆ. ದಿನಕ್ಕೆ 100 ಮಿ.ಗ್ರಾಂ ಇದ್ದದ್ದನ್ನು ವಾರಕ್ಕೆ 25ರಂತೆ ನಾಲ್ಕು ವಾರದಲ್ಲಿ ಸೊನ್ನೆಗೆ ತರಲಾಯಿತು. ಬಿಡಿಸುವುದರಲ್ಲಿ ನಷ್ಟವಿಲ್ಲ ಎನ್ನಲು ಆಧಾರವಿದೆ: ಅಮೆರಿಕದಲ್ಲಿ 240 ಮಂದಿ ಹಳೆಯ ಸೊಂಟ ಅಥವಾ ಕೀಲು ನೋವಿನ ರೋಗಿಗಳ ಮೇಲೆ ನಡೆದು 2018ರಲ್ಲಿ ಪ್ರಕಟವಾದ ಸ್ಪೇಸ್ ಅಧ್ಯಯನದಲ್ಲಿ, ಒಂದು ವರ್ಷದ ಕೊನೆಗೆ ಒಪಿಯಾಯ್ಡ್ ಗುಂಪಿನವರ ದೈನಂದಿನ ಚಟುವಟಿಕೆ ಒಪಿಯಾಯ್ಡ್ ಅಲ್ಲದ ಔಷಧ ಪಡೆದವರಿಗಿಂತ ಸುಧಾರಿಸಿರಲಿಲ್ಲ, ನೋವು ತುಸು ಹೆಚ್ಚೇ ಇತ್ತು.

ಟ್ರಮಡಾಲ್ ಪೂರ್ತಿ ನಿಂತ ಮೇಲಷ್ಟೇ ಡುಲಾಕ್ಸೆಟಿನ್, ಖಿನ್ನತೆಗೂ ನೋವಿಗೂ ಕೊಡುವ ಔಷಧ. ಎರಡೂ ಸೇರಿದರೆ ಸೆರೊಟೋನಿನ್ ಎಂಬ ಮಿದುಳಿನ ರಾಸಾಯನಿಕ ಏರಿ ನಡುಕ, ಜ್ವರ, ಗೊಂದಲ ಬರಬಹುದು, ಫಿಟ್ಸ್ ಸಾಧ್ಯತೆ ಹೆಚ್ಚುತ್ತದೆ. ಜೊತೆಗೆ ಟ್ರಮಡಾಲ್ ಅನ್ನು ನೋವುನಿವಾರಕ ರೂಪಕ್ಕೆ ತಿರುಗಿಸುವ ಯಕೃತ್ತಿನ ಕಿಣ್ವವನ್ನು ಡುಲಾಕ್ಸೆಟಿನ್ ತಡೆಯುವುದರಿಂದ ಅಪಾಯ ಉಳಿದು ಲಾಭ ಹೋಗುತ್ತದೆ. ಡುಲಾಕ್ಸೆಟಿನ್ ಬಗ್ಗೆ ಮಾರ್ಗಸೂಚಿಗಳಲ್ಲೇ ಒಮ್ಮತವಿಲ್ಲ. ಅಮೆರಿಕದ ವೈದ್ಯರ ಸಂಘಟನೆ ಅಮೆರಿಕನ್ ಕಾಲೇಜ್ ಆಫ್ ಫಿಜಿಷಿಯನ್ಸ್ 2017ರಲ್ಲಿ ಹಳೆಯ ಸೊಂಟನೋವಿಗೆ ಇದನ್ನು ಎರಡನೇ ಸಾಲಿನಲ್ಲಿ ಇಟ್ಟಿತು. ಬ್ರಿಟನ್ನಿನ ನೈಸ್ ಸಂಸ್ಥೆ ಸೊಂಟನೋವಿಗೆ ಕೊಡಬೇಡಿ ಎನ್ನುತ್ತದೆ. ಬರೀ ಸೊಂಟನೋವಾಗಿದ್ದರೆ ನಾವೂ ಕೊಡುತ್ತಿರಲಿಲ್ಲ. ಈಕೆಗೆ ಖಿನ್ನತೆ ಇತ್ತು, ಡೈಕ್ಲೊಫೆನಾಕ್ ಜಾತಿಯ ಮಾತ್ರೆಗಳ ದಾರಿ ಮುಚ್ಚಿತ್ತು, ಅದಕ್ಕಾಗಿ ತಿಂಡಿಯ ನಂತರ 30 ಮಿ.ಗ್ರಾಂ, ಎರಡು ವಾರ ಬಿಟ್ಟು 60. ಮೊದಲ ನಾಲ್ಕು ದಿನ ವಾಕರಿಕೆ ಇತ್ತು, ಅದು ಬಂದೇ ಬರುತ್ತದೆಂದು ಮೊದಲೇ ಹೇಳಿದ್ದರಿಂದ ಬಿಡಲಿಲ್ಲ. ಬಿಪಿ ಏರಿಸಬಲ್ಲ ಔಷಧವಾದ್ದರಿಂದ ವಾರಕ್ಕೊಮ್ಮೆ ನೋಡಬೇಕಾಯಿತು.

ಪ್ರಿಗ್ಯಾಬಲಿನ್ ಕೊನೆಗೆ. ಕಾಲಿಗೆ ಇಳಿಯುವ ನರದ ನೋವಿನಲ್ಲೇ ಅದು ಹುಸಿಮಾತ್ರೆಗಿಂತ ಮೇಲಲ್ಲವೆಂದು 2017ರ ಆಸ್ಟ್ರೇಲಿಯಾದ 209 ಜನರ ಅಧ್ಯಯನ ತೋರಿಸಿದೆ. ನರನೋವೇ ಇಲ್ಲದ ಈಕೆಗೆ ಅದು ಕೊಟ್ಟದ್ದು ಮಂಪರು ಮಾತ್ರ.

ನಡಿಗೆ, ಕೊಡ, ನಿದ್ದೆ

ಈ ರೋಗಿಯ ವಾರವನ್ನು ಬರೆಸಿ ನೋಡಿದರೆ ಒಂದು ಏರಿಳಿತ ಎದ್ದು ಕಾಣುತ್ತಿತ್ತು. ನೋವು ಕಡಿಮೆ ಇದ್ದ ಭಾನುವಾರ ಬಟ್ಟೆ ಒಗೆದು, ನೆಲ ಒರೆಸಿ, ವಾರದ ಹಿಟ್ಟು ಬೀಸಿಸಿ ತರುವುದು. ಸೋಮವಾರ, ಮಂಗಳವಾರ ಹಾಸಿಗೆ. ಇದನ್ನು ಮುರಿಯಲು ಕೆಲಸದ ಅಳತೆಯನ್ನು ನೋವಿನಿಂದ ಬಿಡಿಸಿ ಗಡಿಯಾರಕ್ಕೆ ಕಟ್ಟಬೇಕು. ಮೂರು ದಿನ, ನೋವು ಹೆಚ್ಚುವ ತನಕ ನಡೆಯಲು ಹೇಳಲಾಯಿತು: 8, 6, 10 ನಿಮಿಷ. ಸರಾಸರಿ 8. ಅದರ ಶೇ. 80, ಅಂದರೆ ಸುಮಾರು 6 ನಿಮಿಷ ಆರಂಭದ ಮಟ್ಟ. ದಿನಕ್ಕೆ ಎರಡು ಸಲ ಆರೇ ನಿಮಿಷ. ಹುಮ್ಮಸ್ಸಿನ ದಿನ ಏಳಿಲ್ಲ, ನೋವಿನ ದಿನ ಐದಿಲ್ಲ. ನಾಲ್ಕು ದಿನಕ್ಕೊಮ್ಮೆ ಒಂದು ನಿಮಿಷ ಏರಿಕೆ. ರೋಗಿಗೆ ಕಷ್ಟವಾಗುವುದು ಕಡಿಮೆ ಮಾಡುವುದಲ್ಲ, ಚೆನ್ನಾಗಿರುವ ದಿನ ತಡೆದು ನಿಲ್ಲುವುದು.

ವ್ಯಾಯಾಮದಲ್ಲಿ ಮೊದಲ ತಪ್ಪು ನಮ್ಮ ಕಡೆಯದು. ಹನ್ನೊಂದು ಚಿತ್ರಗಳ ಹಾಳೆ ಕೊಡಲಾಗಿತ್ತು. ಎರಡು ವಾರದ ನಂತರ ಮಾಡಿದ್ದು ಸೊನ್ನೆ. ಬೆಳಗ್ಗೆ ಐದಕ್ಕೆ ಎದ್ದು ಅಡುಗೆ ಮುಗಿಸಿ ಏಳೂವರೆಯ ಬಸ್ಸು ಹಿಡಿಯುವವರಿಗೆ ನಲವತ್ತು ನಿಮಿಷದ ವ್ಯಾಯಾಮ ಬರೆದುಕೊಡುವುದು ಬರೆಯದೆ ಇರುವುದಕ್ಕೆ ಸಮ. ಮೂರಕ್ಕೆ ಇಳಿಸಲಾಯಿತು: ಕುರ್ಚಿಯಿಂದ ಕೈಯೂರದೆ ಎದ್ದು ಕೂರುವುದು ಹತ್ತು ಸಲ, ಗೋಡೆಗೆ ಕೈಯಿಟ್ಟು ಹಿಮ್ಮಡಿ ಎತ್ತುವುದು ಹತ್ತು ಸಲ, ಕೂತು ಉಸಿರು ಬಿಡುತ್ತ ಪಾದದ ಕಡೆಗೆ ಬಾಗುವುದು ಐದು ಸಲ. ಅನ್ನಕ್ಕೆ ಕುಕ್ಕರ್ ಇಟ್ಟು ವಿಷಲ್ ಬರುವಷ್ಟರಲ್ಲಿ ಮುಗಿಯಬೇಕು ಎಂಬ ಲೆಕ್ಕ.

ಎಲ್ಲಕ್ಕಿಂತ ದೊಡ್ಡ ಹೆದರಿಕೆ ನೀರಿನ ಕೊಡ. ಐದು ವರ್ಷದಿಂದ ಮಗ ಎತ್ತಿಕೊಡುತ್ತಿದ್ದ. ಮೆಟ್ಟಿಲು ಹೀಗೆ ಹಾಕಲಾಯಿತು: ಸ್ಟೂಲಿನ ಮೇಲಿಂದ 2 ಲೀಟರಿನ ಬಾಟಲಿ, ಅದೇ ಎತ್ತರದಿಂದ 5 ಲೀಟರಿನ ಕ್ಯಾನು, ನೆಲದಿಂದ 5 ಲೀಟರು, ಅರ್ಧ ಕೊಡ, ಕೊನೆಗೆ 15 ಲೀಟರಿನ ತುಂಬು ಕೊಡ. ಎತ್ತುವ ಮೊದಲು ‘ಏನಾಗುತ್ತದೆಂದು ಹೆದರಿಕೆ’ ಎಂದು ಒಂದು ಸಾಲು, ಎತ್ತಿದ ಮೇಲೆ ‘ಏನಾಯಿತು’ ಎಂದು ಒಂದು ಸಾಲು ಬರೆಯಬೇಕು. ಮೊದಲ ಪುಟದಲ್ಲಿ ‘ಕಾಲು ಸೋತು ಬೀಳ್ತೀನಿ’ ಎಂದಿತ್ತು. ಎದುರಿಗೆ ‘ಸೊಂಟ ನೋವು, ಕಾಲು ಏನಾಗಿಲ್ಲ’. ಸೊಂಟ ಬಿಗಿದು, ಬೆನ್ನು ನೆಟ್ಟಗಿಟ್ಟು ಎತ್ತಿ ಎಂಬ ಹಳೆಯ ಪಾಠವನ್ನು ಬೇಕೆಂದೇ ಬಿಟ್ಟೆವು. ಆ ಬಿಗಿತವೇ ಆಕೆಯ ತೊಂದರೆಯಾಗಿತ್ತು. ಭಯ, ಚಲನೆ, ದಿನಚರಿ ಮೂರನ್ನೂ ಒಟ್ಟಿಗೆ ಹಿಡಿಯುವ ಈ ವಿಧಾನಕ್ಕೆ ಈಗಿರುವ ಒಳ್ಳೆಯ ಆಧಾರ 2023ರ ರಿಸ್ಟೋರ್ ಅಧ್ಯಯನ: ಆಸ್ಟ್ರೇಲಿಯಾದ 492 ರೋಗಿಗಳು, ಗರಿಷ್ಠ ಏಳು ಭೇಟಿ ಮತ್ತು ನಂತರ ಒಂದು ಮರುಭೇಟಿ, ಲಾಭ ಒಂದು ವರ್ಷದವರೆಗೂ ಉಳಿದಿತ್ತು.

ನಿದ್ದೆಗೆ ಮಾತ್ರೆ ಕೊಡಲಿಲ್ಲ. ಒಂಬತ್ತಕ್ಕೆ ಮಲಗಿ ಎರಡು ಗಂಟೆ ಹೊರಳಾಡುತ್ತಿದ್ದವರನ್ನು ಹನ್ನೊಂದಕ್ಕೆ ಮಲಗಿ ಐದಕ್ಕೆ ಏಳಲು ಹೇಳಲಾಯಿತು, ಭಾನುವಾರದ ಮಧ್ಯಾಹ್ನದ ನಿದ್ದೆ ಬಂದ್. ಮೊದಲ ವಾರ ತೂಕಡಿಕೆ ಹೆಚ್ಚು, ಮೂರನೇ ವಾರದಿಂದ ಮಲಗಿದ ಕಾಲು ಗಂಟೆಗೆ ನಿದ್ದೆ. ಬೆಲ್ಟು ತೆಗೆಸಿದೆವು, ಟ್ರಾಕ್ಷನ್ ಮುಂದುವರಿಸಲಿಲ್ಲ. ಎರಡನ್ನೂ ವಿಶ್ವ ಆರೋಗ್ಯ ಸಂಸ್ಥೆಯ 2023ರ ಮಾರ್ಗಸೂಚಿ ಬೇಡವೆನ್ನುತ್ತದೆ.

ಕಾರ್ಖಾನೆಗೆ ಪತ್ರ ಬರೆಯುವಾಗ ಎಚ್ಚರ ಬೇಕು. ‘ಲೈಟ್ ವರ್ಕ್ ಕೊಡಿ’ ಎಂದರೆ ಲೈನಿನಿಂದ ತೆಗೆದು ಕಡಿಮೆ ಸಂಬಳದ ಕೆಲಸಕ್ಕೆ ಹಾಕುವ ಸಂಭವವಿದೆ. ಬರೆದದ್ದು ಇಷ್ಟು: ಎಂಟು ವಾರ ಓವರ್‌ಟೈಮ್ ಬೇಡ, ಪ್ರತಿ 40 ನಿಮಿಷಕ್ಕೆ ಎರಡು ನಿಮಿಷ ಎದ್ದು ನಿಲ್ಲಲಿ, ಬಂಡಲನ್ನು ಹೆಲ್ಪರ್ ತಂದುಕೊಡುವ ಬದಲು ಆಕೆಯೇ ಎದ್ದು ತರಲಿ. ಮೂರನೆಯದಕ್ಕೆ ಸೂಪರ್‌ವೈಸರ್ ತಕ್ಷಣ ಒಪ್ಪಿದರು.

ಎರಡು ಹಿನ್ನಡೆ

ಆರನೇ ವಾರ ಹಗುರೆನಿಸಿದ ಖುಷಿಯಲ್ಲಿ ಆಕೆ ಪ್ರಿಗ್ಯಾಬಲಿನ್ ಅನ್ನು ತಾವೇ ಒಮ್ಮೆಗೇ ಬಿಟ್ಟರು. ಮೂರು ರಾತ್ರಿ ನಿದ್ದೆಯಿಲ್ಲ, ಬೆವರು, ಎದೆಬಡಿತ, ಮೈಯೆಲ್ಲ ನೋವು. ‘ಡಿಸ್ಕ್ ಮತ್ತೆ ಜರುಗಿತು’ ಎಂದೇ ಆಕೆ ನಂಬಿದ್ದರು. ರಾತ್ರಿ 75 ಮತ್ತೆ ಶುರು ಮಾಡಿ, ಎರಡು ವಾರಕ್ಕೊಮ್ಮೆ 25ರಂತೆ ಇಳಿಸಲಾಯಿತು. ನಿಲ್ಲಿಸುವ ಕ್ರಮವನ್ನು ಮೊದಲ ದಿನವೇ ಕ್ಯಾಲೆಂಡರಿನ ಮೇಲೆ ಬರೆದುಕೊಟ್ಟಿದ್ದರೆ ಇದು ತಪ್ಪುತ್ತಿತ್ತು.

ಒಂಬತ್ತನೇ ವಾರ ಸಂಬಂಧಿಕರ ಮದುವೆ. ಐದು ಗಂಟೆ ಬಸ್ಸು, ಮೇಲೆ ಛತ್ರದಲ್ಲಿ ನೆಲದ ಮೇಲೆ ಕೂತದ್ದು. ನೋವು 9ಕ್ಕೆ ಏರಿತು. ಇಂಥ ದಿನಕ್ಕೆಂದೇ ಒಂದು ಹಾಳೆ ಬರೆದುಕೊಟ್ಟಿತ್ತು: ಎರಡು ದಿನ ನಡಿಗೆ ಅರ್ಧಕ್ಕೆ ಇಳಿಸಿ, ನಿಲ್ಲಿಸಬೇಡಿ; ಬಿಸಿನೀರಿನ ಚೀಲ 15 ನಿಮಿಷ; ಪ್ಯಾರಸಿಟಮಾಲ್ 650, ದಿನಕ್ಕೆ ಮೂರು ಮೀರದಂತೆ, ಮೂರೇ ದಿನ; ಇಂಜೆಕ್ಷನ್ ಬೇಡ; ಮೂತ್ರ ಕಟ್ಟಿದರೆ ಅಥವಾ ಕಾಲು ಸೋತರೆ ತಕ್ಷಣ ಫೋನ್ ಮಾಡಿ. ಹಾಳೆ ಆಕೆಯ ಬ್ಯಾಗಿನಲ್ಲೇ ಇತ್ತು. ಗಂಡ ಹತ್ತಿರದ ಕ್ಲಿನಿಕ್ಕಿಗೆ ಕರೆದೊಯ್ದು ಎರಡು ಡೈಕ್ಲೊಫೆನಾಕ್ ಇಂಜೆಕ್ಷನ್ ಕೊಡಿಸಿದರು. “ರಾತ್ರಿಯೆಲ್ಲ ಒದ್ದಾಡ್ತಿದ್ದಳು ಡಾಕ್ಟ್ರೇ, ನೋಡ್ಕೊಂಡು ಸುಮ್ನಿರೋಕಾಗಲಿಲ್ಲ.” ಅವರ ಮಾತಿನಲ್ಲಿ ತಪ್ಪಿಲ್ಲ. ಅವರನ್ನು ಕೂರಿಸಿ ಒಮ್ಮೆಯೂ ವಿವರಿಸಿರಲಿಲ್ಲ. 0.9ಕ್ಕೆ ಇಳಿದಿದ್ದ ಕ್ರಿಯೇಟಿನಿನ್ ಮತ್ತೆ 1.1. ಮುಂದಿನ ಭೇಟಿಗೆ ಗಂಡ, ಮಗ ಇಬ್ಬರನ್ನೂ ಕರೆಸಿ, ಹಾಳೆಯನ್ನು ಅಡುಗೆಮನೆಯ ಗೋಡೆಗೆ ಅಂಟಿಸಲಾಯಿತು.

16ನೇ ವಾರ

ಸರಾಸರಿ ನೋವು 7ರಿಂದ 5ಕ್ಕೆ ಇಳಿದಿತ್ತು. ಎರಡು ಅಂಕ ಎಂಬುದು ರೋಗಿಗೆ ಅರ್ಥಪೂರ್ಣವೆನಿಸುವ ಬದಲಾವಣೆಯ ಅಂಚು. ನೋವಿನ ಅಂಕಿಯನ್ನಷ್ಟೇ ಹಿಡಿದರೆ ಇದು ಸಾಧಾರಣ ಫಲಿತಾಂಶ. ಆದರೆ ಆಸ್ವೆಸ್ಟ್ರಿ 52ರಿಂದ 26ಕ್ಕೆ, ಕೆಟ್ಟದ್ದನ್ನು ಊಹಿಸುವ ಅಂಕ 36ರಿಂದ 17ಕ್ಕೆ, ಪಿಎಚ್‌ಕ್ಯು-9 11ರಿಂದ 5ಕ್ಕೆ ಬಂದಿದ್ದವು. ನಿದ್ದೆ ಆರು ಗಂಟೆ, ನಡಿಗೆ 25 ನಿಮಿಷ, ಕೂರುವುದು 50 ನಿಮಿಷ. ಬಿಪಿ 128/82, ಕ್ರಿಯೇಟಿನಿನ್ ಮತ್ತೆ 0.9. ಮಾತ್ರೆ ಹನ್ನೊಂದರಿಂದ ಮೂರಕ್ಕೆ: ಡುಲಾಕ್ಸೆಟಿನ್, ಬಿಪಿಯದು, ಕಬ್ಬಿಣ. ಆಮೇಲಿನ ಮೂರು ತಿಂಗಳಲ್ಲಿ ತಪ್ಪಿದ ಕೆಲಸ ಮೂರು ದಿನ. ತುಂಬಿದ ಕೊಡವನ್ನು ಆಕೆ ಹದಿಮೂರನೇ ವಾರ ನೆಲದಿಂದ ಎತ್ತಿ ಅಡುಗೆಕಟ್ಟೆಗೆ ಇಟ್ಟಿದ್ದರು.

ನೋವಿನ ಅಂಕಿ ಮೊದಲು ಇಳಿಯಲೆಂದು ಕಾದಿದ್ದರೆ ಎಂಟನೇ ವಾರದಲ್ಲೇ ಚಿಕಿತ್ಸೆ ವಿಫಲವೆಂದು ಬರೆಯಬೇಕಿತ್ತು; ಆಗ ನೋವು ಇನ್ನೂ 6.5 ಇತ್ತು, ನಡಿಗೆ ಮಾತ್ರ ಮೂರು ಪಟ್ಟು ಹೆಚ್ಚಿತ್ತು. ಕೆಲಸ ಮೊದಲು ಮರಳುತ್ತದೆ, ನೋವು ತಡವಾಗಿ ಅದರ ಹಿಂದೆ ಬರುತ್ತದೆ, ಇದನ್ನು ಮೊದಲ ದಿನವೇ ರೋಗಿಗೆ ಹೇಳಿರಬೇಕು. ಬೆನ್ನೆಲುಬಿಗೆ ಕೊಡುವ ಇಂಜೆಕ್ಷನ್ ಅಥವಾ ಶಸ್ತ್ರಚಿಕಿತ್ಸೆಯ ಮಾತು ಈ ಪ್ರಕರಣದಲ್ಲಿ ಬರಲಿಲ್ಲ. ನೋವು ಸೊಂಟಕ್ಕಿಂತ ಕಾಲಿನಲ್ಲಿ ಹೆಚ್ಚಿದ್ದು, ನರದ ಬಲ ಕುಗ್ಗಿದ್ದು, ಸ್ಕ್ಯಾನಿನಲ್ಲಿ ಅದೇ ನರಕ್ಕೆ ಒತ್ತಡ ಕಂಡಿದ್ದರೆ ದಾರಿಯೇ ಬೇರೆಯಾಗುತ್ತಿತ್ತು.

ಎಂಟನೇ ತಿಂಗಳು ಡುಲಾಕ್ಸೆಟಿನ್ 30ಕ್ಕೆ ಇಳಿಸಿ, ಎರಡು ವಾರದ ನಂತರ ನಿಲ್ಲಿಸಲಾಯಿತು. ವರ್ಷದ ಕೊನೆಗೆ ನೋವು 4 ಮತ್ತು 5ರ ನಡುವೆ, ಆಸ್ವೆಸ್ಟ್ರಿ 24. ನಡುವೆ ಒಂದು ಸಲ ನೋವು ಏರಿದಾಗ ಗೋಡೆಯ ಹಾಳೆ ನೋಡಿಕೊಂಡು ಮನೆಯಲ್ಲೇ ನಾಲ್ಕು ದಿನದಲ್ಲಿ ಸುಧಾರಿಸಿಕೊಂಡರು. ಕೂರುವ ಸಮಯ ಮಾತ್ರ 50 ನಿಮಿಷದಿಂದ ಮುಂದಕ್ಕೆ ಹೋಗಿಲ್ಲ. ಶಿಪ್‌ಮೆಂಟ್ ಹತ್ತಿರ ಬಂದಾಗ ಲೈನಿನಲ್ಲಿ ಎರಡು ಗಂಟೆ ಯಾರೂ ಏಳುವಂತಿಲ್ಲ, ಹಳೆಯ ಸೂಪರ್‌ವೈಸರ್ ಬದಲಾಗಿದ್ದಾರೆ, ಬಂಡಲ್ ಮತ್ತೆ ಹೆಲ್ಪರ್ ಕೈಯಲ್ಲೇ ಬರುತ್ತಿದೆ. ಹೊಸಬರಿಗೆ ಅದೇ ಮೂರು ಸಾಲಿನ ಪತ್ರ ಮತ್ತೊಮ್ಮೆ ಹೋಗಿದೆ.